ತಮ್ಮ ಕಾಲು ತಾವೇ ಎಳೆದುಕೊಂಡು

ನಮ್ಮ ಕಛೇರಿಗಳಲ್ಲಿ ಗಾಯಕರ ಗಂಟಲು ಸರಿಯಾಗಿರುವುದು ಅಪರೂಪ. ಶ್ರುತಿ ಸೇರಿಸುವಾಗ ಒಂದು ಕೆಮ್ಮು, ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು, ಆಮೇಲೆ ‘ನಿನ್ನೆಯಿಂದ ಸ್ವಲ್ಪ ಶೀತ, ರಸಿಕರು ಸಹಿಸಿಕೊಳ್ಳಬೇಕು’ ಎಂಬ ವಿನಂತಿ. ಇದಕ್ಕೆ ವಿನಯವೆಂದು ಹೆಸರು. ನನಗೇನೋ ಅದು ನಿರೀಕ್ಷಣಾ ಜಾಮೀನಿನ ಅರ್ಜಿಯಂತೆಯೇ ಕೇಳಿಸುತ್ತದೆ. ಹಾಡು ಕೆಟ್ಟರೆ ಪಾಪ ಶೀತ, ಚೆನ್ನಾಗಿ ಬಂದರೆ ಶೀತದಲ್ಲೂ ಎಂಥಾ ಹಾಡು! ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಇದಕ್ಕಿಂತ ಕಷ್ಟದ ವಿದ್ಯೆ. ಎಡವಿದ ಮೇಲೆ, ಸಭೆಯ ಕಣ್ಣೆದುರೇ, ತಾಳ ಬಿಡದೆ ಮಾಡಬೇಕಾದದ್ದು ಅದು. ತಾಳ ಬಿಟ್ಟು ನಗಿಸಿದರೆ ನಗೆಹನಿ ಕಾರ್ಯಕ್ರಮವಾದೀತು, ಸಂಗೀತವಾಗದು.

1960ರ ಫೆಬ್ರವರಿ 13ರಂದು ಬರ್ಲಿನ್ನಿನಲ್ಲಿ ನಡೆದದ್ದನ್ನು ನೋಡಿ. ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ‘ಮ್ಯಾಕ್ ದ ನೈಫ್’ ಎತ್ತಿಕೊಂಡರು. ಬ್ರೆಕ್ಟ್ ಬರೆದು ಕುರ್ಟ್ ವೈಲ್ ರಾಗ ಹಾಕಿದ ಆ ಹಾಡು 1928ರಲ್ಲಿ ಮೊದಲು ರಂಗಕ್ಕೇರಿದ್ದು ಅದೇ ಊರಿನಲ್ಲಿ. ತವರೂರಿನಲ್ಲೇ ಸಾಹಿತ್ಯ ಕೈಕೊಟ್ಟಿತು. ಕೆಲವು ಚರಣಗಳಾದ ಮೇಲೆ ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಆಕೆ ನಿಲ್ಲಿಸಲಿಲ್ಲ, ಪಕ್ಕವಾದ್ಯದವರ ಮುಖ ನೋಡಿ ಹಲ್ಲು ಕಿರಿಯಲೂ ಇಲ್ಲ. ಸಾಲು ಮರೆತುಹೋಗಿದೆ ಎಂಬುದನ್ನೇ ಅದೇ ಧಾಟಿಗೆ ಕೂರಿಸಿ ಹಾಡಿದರು. ಬಾಬಿ ಡಾರಿನ್, ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿ ಗೆಲ್ಲಿಸಿದ್ದನ್ನು ಎಲಾ ಮತ್ತು ಸಂಗಡಿಗರು ಈಗ ಕೆಡಿಸಿ ಕುಲಗೆಡಿಸುತ್ತಿದ್ದಾರೆ ಎಂದು ತಮ್ಮ ಕಾಲನ್ನೇ ಎಳೆದುಕೊಂಡರು. ಆರ್ಮ್‌ಸ್ಟ್ರಾಂಗರ ಗೊಗ್ಗರು ದನಿಯನ್ನೂ ಅಣಕಿಸಿದರು. ಹಾಡು ಮುಂದೆ ಹೋದಂತೆ ಶ್ರುತಿ ಏರುತ್ತಲೇ ಇತ್ತು, ಲಯ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹೋದದ್ದು ಸಾಹಿತ್ಯ ಮಾತ್ರ. ಅದರ ಜಾಗದಲ್ಲಿ ನಮ್ಮವರು ಕಲ್ಪನಾಸ್ವರ ಹಾಕುವ ಧೈರ್ಯದಲ್ಲಿ ಆಕೆ ಮಾತನ್ನೇ ಹೊಸೆದರು. ಆ ಮರೆವಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ನಮ್ಮ ಕಡೆ ಸಾಹಿತ್ಯ ಮರೆತವರಿಗೆ ಸಿಗುವುದು ಮುಂದಿನ ಸಾಲಿನಲ್ಲಿ ಕೂತ ಮಾಮಿಯ ನೋಟ.

ಆಕೆಯೂ ಜಾಮೀನು ತೆಗೆದುಕೊಂಡಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಸಾಹಿತ್ಯವೆಲ್ಲ ನೆನಪಿದ್ದರೆ ಸರಿ ಎಂಬ ಅರ್ಥದ ಮಾತು ಹಾಡಿನ ಮುಂಚೆಯೇ ಆಡಿದ್ದರು. ಆದರೆ ಬೇಕಾದಾಗ ಅದರ ಹಿಂದೆ ಅವಿತುಕೊಳ್ಳಲಿಲ್ಲ; ತಪ್ಪನ್ನು ಸಭೆಗೆ ಎತ್ತಿ ತೋರಿಸಿದವರು ತಾವೇ. ಹಾಗಾದರೆ ಈ ಸಲಿಗೆ ಘಟಾನುಘಟಿಗಳಿಗೆ ಮಾತ್ರವೋ? ಈ ಆಕ್ಷೇಪ ಗಟ್ಟಿಯಾದದ್ದು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕಲಾಶಾಲೆಯಲ್ಲಿ 1970ರಲ್ಲಿ ಹುಟ್ಟಿದ ‘ಪೋರ್ಟ್ಸ್‌ಮತ್ ಸಿಂಫೋನಿಯಾ’ ಎಂಬ ವಾದ್ಯವೃಂದದಲ್ಲಿ ವಾದ್ಯ ಹಿಡಿಯಲು ಬಾರದವರೂ ಇದ್ದರು, ಸಂಗೀತ ಬಲ್ಲವರಾದರೆ ತಮಗೆ ಪರಿಚಯವಿಲ್ಲದ ವಾದ್ಯವನ್ನೇ ಹಿಡಿಯಬೇಕಿತ್ತು. 1974ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲೇ ನುಡಿಸಿ ಬಂದರು. ಅವರ ಕಟ್ಟುಪಾಡು ಗಮನಿಸಿ: ಅಭ್ಯಾಸಕ್ಕೆ ಬರಲೇಬೇಕು, ಕೈಲಾದಷ್ಟು ಸರಿಯಾಗಿಯೇ ನುಡಿಸಬೇಕು, ಬೇಕೆಂದೇ ಅಪಸ್ವರ ತೆಗೆಯುವಂತಿಲ್ಲ. ಅಲ್ಲಿ ನಗು ಹುಟ್ಟುವುದು ಶ್ರದ್ಧೆಯಿಂದಲೇ. ವಿದ್ವತ್ತು ಇಲ್ಲದಿದ್ದರೂ ನಡೆದೀತು, ಶ್ರದ್ಧೆ ಬಿಟ್ಟರೆ ನಡೆಯದು ಎಂದು ನನ್ನ ವಾದವನ್ನು ಅಷ್ಟಕ್ಕೆ ತಿದ್ದಿಕೊಳ್ಳುತ್ತೇನೆ.

ಇನ್ನು ಮೊದಲೇ ಅಭ್ಯಾಸ ಮಾಡಿಟ್ಟ ಗೇಲಿ ನಾಟಕವಲ್ಲವೇ ಎಂಬ ತಕರಾರು. ಇರಲಿ ಬಿಡಿ, ಆಲಾಪನೆಯನ್ನೇನು ಮನೆಯಲ್ಲಿ ಒಮ್ಮೆಯೂ ಹಾಡಿ ನೋಡದೆ ಬರುತ್ತಾರೆಯೇ? ಡೆನ್ಮಾರ್ಕಿನ ಪಿಯಾನೊ ವಾದಕ ವಿಕ್ಟರ್ ಬೋರ್ಗ ಸ್ಟೂಲಿನಿಂದ ಉರುಳಿಬಿದ್ದು, ಎದ್ದು ಕೂತು ಸೊಂಟಕ್ಕೆ ಸೀಟ್ ಬೆಲ್ಟ್ ಬಿಗಿದುಕೊಳ್ಳುತ್ತಿದ್ದರು. 1953ರಲ್ಲಿ ಬ್ರಾಡ್‌ವೇಯಲ್ಲಿ ಶುರುವಾದ ಅವರ ಏಕವ್ಯಕ್ತಿ ಪ್ರದರ್ಶನ 849 ಸಲ ನಡೆಯಿತು. ಸ್ವರಲಿಪಿಯ ಪುಟವನ್ನು ತಲೆಕೆಳಗಾಗಿಟ್ಟು ಗಂಭೀರವಾಗಿ ಏನೋ ನುಡಿಸಿ, ಆಮೇಲೆ ಹುಳ್ಳಗೆ ಪುಟ ತಿರುಗಿಸಿ ‘ವಿಲಿಯಂ ಟೆಲ್’ ಶುರು ಮಾಡುವುದು ಅವರ ಹೆಸರಾಂತ ಚೇಷ್ಟೆಗಳಲ್ಲೊಂದು. ನೆಟ್ಟಗಿರುವ ಪುಟ ನುಡಿಸಲೇ ನಮ್ಮ ಮಕ್ಕಳು ಒದ್ದಾಡುತ್ತವೆ.