ಏಕಪಕ್ಷೀಯ ಡಿಕ್ರಿ ಖಂಡನಂ, ಅರ್ಥಾತ್ ಟೈಮ್‌ಶೇರ್ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಮಂಗಳಾಚರಣೆ. ವಿಘ್ನೇಶ್ವರನಿಗೆ ಕೈಮುಗಿದೇ ಹೊರಟಿದ್ದೆ. ಆದರೆ ವಿಘ್ನವೇ ‘ಸಾರ್, ನಿಮಗೆ ಬಹುಮಾನ ಬಂದಿದೆ’ ಎಂದು ಫೋನು ಮಾಡಿದರೆ ಆ ದೇವರಾದರೂ ಏನು ಮಾಡಿಯಾನು? ಮಂಗಳದ ನಂತರ ಅನುಬಂಧ ಚತುಷ್ಟಯ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ಕಾಲವೆಂಬ ದ್ರವ್ಯವನ್ನು ವಾರದ ಲೆಕ್ಕದಲ್ಲಿ ಮಾರುವುದು ಮತ್ತು ಮಾರಿದವರು ಕೊಂಡವನ ಮೇಲೆಯೇ ಡಿಕ್ರಿ ತರುವುದು. ಪ್ರಯೋಜನ, ಆ ಡಿಕ್ರಿಯ ರದ್ದತಿ. ಸಂಬಂಧ, ಸಾಲಿಗ ಮತ್ತು ಸಾಲಗಾರನದು. ಇನ್ನು ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಮದುವೆಯಾಗಿರಬೇಕು, ಹೆಂಡತಿಯನ್ನು ಕರೆದುಕೊಂಡು ಬರಬೇಕು, ಕ್ರೆಡಿಟ್ ಕಾರ್ಡು ಇರಬೇಕು, ಊಟ ಹಾಕಿದವರಿಗೆ ‘ಬೇಡ’ ಎನ್ನಲು ನಾಚಿಕೆಯಾಗಬೇಕು. ಒಂಟಿಯಾಗಿ ಬಂದವನನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತಾರೆ. ಯಜ್ಞದಲ್ಲಿ ಪತ್ನಿ ಪಕ್ಕದಲ್ಲಿ ಇರಲೇಬೇಕೆಂಬ ವಿಧಿಯನ್ನು ಈ ಕಲಿಯುಗದಲ್ಲಿ ಇಷ್ಟು ನಿಷ್ಠೆಯಿಂದ ಪಾಲಿಸುತ್ತಿರುವವರು ಇವರೊಬ್ಬರೇ.

ಗ್ರಂಥಕರ್ತನು ಮೂವತ್ತು ವರ್ಷಗಳಿಂದ ಚೆನ್ನೈವಾಸಿ, ಬ್ಯಾಂಕಿನಿಂದ ನಿವೃತ್ತ, ಅನ್ನಂಭಟ್ಟನ ತರ್ಕಸಂಗ್ರಹದ ಮೊದಲ ಪುಟ ಮತ್ತು ಕೊನೆಯ ಪುಟಗಳಲ್ಲಿ ನಿಷ್ಣಾತ. ನಡುವಿನದನ್ನೂ ಓದಿದ್ದರೆ ಸಹಿ ಹಾಕುತ್ತಿರಲಿಲ್ಲವೇನೋ; ಅನುಮಾನದ ಭಾಗ ಬರುವುದು ಅಲ್ಲಿಯೇ.

ಎದುರುಪಕ್ಷದ ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆದರಿಕೆಯಿಂದಲ್ಲ (ಹೆದರಿಕೆಯೂ ಸ್ವಲ್ಪ ಇದೆ), ಸಂಪ್ರದಾಯದಿಂದ. ಭಾಷ್ಯಕಾರರು ತಾವು ಖಂಡಿಸಬೇಕಾದವರನ್ನು ಹೆಸರು ಹಿಡಿದು ಕೂಗದೆ ‘ಕೇಚಿತ್’, ಅಂದರೆ ‘ಕೆಲವರು’, ಎಂದು ಮುಗಿಸುತ್ತಾರೆ. ಆದ್ದರಿಂದ ನನ್ನ ಪೂರ್ವಪಕ್ಷಿಯೂ ಇನ್ನು ಮುಂದೆ ಕೇಚಿತ್.

ಈ ದರ್ಶನದ ಮೂಲ ಯೂರೋಪು. ಸ್ವಿಟ್ಜರ್ಲೆಂಡಿನಲ್ಲಿ 1963ರಲ್ಲಿ ಹಾಪಿಮಾಗ್ ಎಂಬ ಸಂಸ್ಥೆ, ಒಬ್ಬೊಬ್ಬರೂ ಒಂದೊಂದು ರಜಾಮನೆ ಕಟ್ಟಿಸುವ ಬದಲು ಎಲ್ಲರೂ ಸೇರಿ ಹಲವು ಮನೆಗಳನ್ನು ಸರದಿಯಲ್ಲಿ ಅನುಭವಿಸೋಣ ಎಂದಿತು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆರ್‌ಸಿಐ, ನಿನ್ನ ವಾರ ನನಗೆ, ನನ್ನ ವಾರ ನಿನಗೆ ಎಂಬ ವಿನಿಮಯವನ್ನು ಬೆಳೆಸಿ ಬೇಡಿಕೆ ಹೆಚ್ಚಿನಿಂದ ಕಡಿಮೆಗೆ ಇಳಿದಂತೆ ವರ್ಷಕ್ಕೆ ಕೆಂಪು, ಬಿಳಿ, ನೀಲಿ ಬಣ್ಣ ಬಳಿಯಿತು. ಭಾರತಕ್ಕೆ ಈ ಮತ ಬಂದಾಗ ಅದಕ್ಕೆ ಪೀಠವಾದದ್ದು ಬೇರೆ ಊರಲ್ಲ, ನಮ್ಮ ಚೆನ್ನೈ. 1986ರಲ್ಲಿ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ ಇಲ್ಲೇ ಶುರುವಾಯಿತು. ಹತ್ತು ವರ್ಷದ ಮೇಲೆ ಬಂದ ಮಹೀಂದ್ರ ಹಾಲಿಡೇಸ್ ಕೂಡ ಬಹುಕಾಲ ಇಲ್ಲಿಂದಲೇ ನಡೆಯಿತು. ಬೆಟ್ಟವಿಲ್ಲದ, ಮೇ ತಿಂಗಳಲ್ಲಿ ಮನುಷ್ಯ ಬೆಂದುಹೋಗುವ ಊರಿನಲ್ಲಿ ಕುಳಿತು ಕೊಡೈಕೆನಾಲನ್ನು ಮಾರುವುದು ಸುಲಭ. ಕತ್ತರಿ ಬಿಸಿಲಿನಲ್ಲಿ ನನಗೆ ಮಂಜಿನ ಫೋಟೋ ತೋರಿಸಿದವರ ಸಮಯಪ್ರಜ್ಞೆಯನ್ನು ಶತ್ರುವಾದರೂ ಮೆಚ್ಚಲೇಬೇಕು.

ಪ್ರಕೃತಕ್ಕೆ ಬರೋಣ. ಮಾಲಿನ ಬಾಗಿಲಲ್ಲಿ ಚೀಟಿ ತುಂಬಿದೆವು. ಮೂರನೆಯ ದಿನ ಫೋನು. ಅಣ್ಣಾ ಸಾಲೈ ಕಡೆಯ ಒಂದು ಹೋಟೆಲಿನ ಹಾಲು, ದುಂಡು ಮೇಜುಗಳು, ಮೇಜಿಗೊಂದು ದಂಪತಿ, ದಂಪತಿಗೊಬ್ಬ ಟೈ ಕಟ್ಟಿದ ಹುಡುಗ. ಯಾವುದೋ ಮೇಜಿನಲ್ಲಿ ಯಾರೋ ಸಹಿ ಹಾಕಿದಾಗಲೆಲ್ಲ ಮೈಕಿನಲ್ಲಿ ಹೆಸರು, ಹಾಲಿಡೀ ಚಪ್ಪಾಳೆ. ನಾಲ್ಕು ಗಂಟೆ ಕಳೆಯಿತು. ‘ರೀ, ಮನೆಗೆ ಹೋಗಿ ಯೋಚನೆ ಮಾಡೋಣ’ ಎಂದಳು ನನ್ನವಳು. ಈ ಬೆಲೆ ಇವತ್ತು ರಾತ್ರಿಗೆ ಮಾತ್ರ ಎಂದ ಹುಡುಗ. ಚಪ್ಪಾಳೆ ನಮಗೂ ಬಿತ್ತು. ಬ್ರಿಟನ್ನಿನಲ್ಲಿ 1992ರ ಟೈಮ್‌ಶೇರ್ ಕಾಯಿದೆ ಇಂಥ ಸಹಿಗೆ 14 ದಿನಗಳ ಪಶ್ಚಾತ್ತಾಪದ ಅವಧಿ ಕೊಟ್ಟಿತು. ಐರೋಪ್ಯ ಒಕ್ಕೂಟದ 2008ರ ನಿರ್ದೇಶನವೂ ಅಷ್ಟೇ ಕೊಡುತ್ತದೆ. ವೈಕುಂಠ ಸಮಾರಾಧನೆ ಮುಗಿದ ಮರುದಿನವೂ ಅಲ್ಲಿ ಸತ್ತ ದುಡ್ಡು ಎದ್ದು ಬಂದೀತು. ನಮ್ಮಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಪಶ್ಚಾತ್ತಾಪಕ್ಕೆ ಕಾಲಮಿತಿಯೂ ಇಲ್ಲ, ಜೀವಮಾನವಿಡೀ ಪಡಬಹುದು.

ಕೊಂಡದ್ದೇನು ಎಂಬ ತತ್ತ್ವವಿಚಾರ ಸಹಿಯ ನಂತರವೇ ಹುಟ್ಟುತ್ತದೆ. ವೈಶೇಷಿಕರ ಒಂಬತ್ತು ದ್ರವ್ಯಗಳಲ್ಲಿ ಕಾಲವೂ ಒಂದು, ಆದ್ದರಿಂದ ಅದನ್ನು ಮಾರಬಹುದೆಂದು ವಾದಕ್ಕೆ ಒಪ್ಪೋಣ. ಆದರೆ ಆ ಕಾಲ ಒಂದೇ, ಅದು ವಿಭು, ನಿತ್ಯ. ಕ್ಷಣ, ದಿನ, ಮಾಸ ಎಂಬ ತುಂಡುಗಳು ಉಪಾಧಿಯಿಂದ ತೋರುವಂಥವು. ಕೇಚಿತ್ ನನಗೆ ಮಾರಿದ್ದು ಇಪ್ಪತ್ತೈದು ವರ್ಷಗಳವರೆಗೆ ವರ್ಷಕ್ಕೆ ಏಳು ದಿನ. ಅಂದರೆ ಶುದ್ಧ ಉಪಾಧಿ. ಈ ಸೂಕ್ಷ್ಮವನ್ನು ಕಸ್ಟಮರ್ ಕೇರಿನ ಹುಡುಗಿಗೆ ವಿವರಿಸಿದೆ. ‘ಸರ್, ನಿಮ್ಮದು ಬಿಳಿ ಸೀಸನ್’ ಎಂದಳು.

ಬುಕಿಂಗಿಗೆ ಹೋದಾಗ ಸಿಕ್ಕ ಉತ್ತರ ಪ್ರತಿಸಲವೂ ಒಂದೇ: ರೂಮಿಲ್ಲ. ಸಾಮಾನ್ಯ ಗ್ರಾಹಕ ಇಲ್ಲಿ ಸಿಟ್ಟಾಗುತ್ತಾನೆ. ತಾರ್ಕಿಕ ಹಾಗಲ್ಲ, ಯಾವ ಇಲ್ಲ ಎಂದು ಕೇಳುತ್ತಾನೆ. ಅಭಾವ ನಾಲ್ಕು ಬಗೆಯೆಂದು ಕೊನೆಯ ಪುಟ ಹೇಳುತ್ತದೆ, ನನ್ನ ಸದಸ್ಯತ್ವದ ಮೊದಲ ಎರಡೇ ವರ್ಷಗಳಲ್ಲಿ ನಾಲ್ಕೂ ನನಗೆ ಪ್ರತ್ಯಕ್ಷವಾದವು. ಕೊಡಗಿನ ರೆಸಾರ್ಟು ಕೈಪಿಡಿಯಲ್ಲಿ ಈಜುಕೊಳ ಸಮೇತ ಇತ್ತು, ಭೂಮಿಯ ಮೇಲೆ ಇನ್ನೂ ಕಟ್ಟಬೇಕಿತ್ತು. ಮಣ್ಣಿನಲ್ಲಿ ಮುಂದೆ ಹುಟ್ಟಲಿರುವ ಮಡಕೆಯ ಇಲ್ಲದಿರುವಿಕೆ ಇದು, ಪ್ರಾಗಭಾವ. ಇದಕ್ಕೆ ಆದಿಯಿಲ್ಲ ಆದರೆ ಅಂತ್ಯವುಂಟು ಎನ್ನುತ್ತಾರೆ ಶಾಸ್ತ್ರಕಾರರು. ಆದಿಯಿಲ್ಲದ್ದು ನನಗೆ ಖಾತ್ರಿಯಾಗಿದೆ, ಅಂತ್ಯದ ವಿಷಯದಲ್ಲಿ ಅನ್ನಂಭಟ್ಟನ ಮಾತನ್ನೇ ನಂಬಿಕೊಂಡಿದ್ದೇನೆ. ಏರ್ಕಾಡಿನ ರೆಸಾರ್ಟು ಕಟ್ಟಿಯೂ ಆಗಿತ್ತು, ಗುತ್ತಿಗೆ ಮುಗಿದು ಕೈಬಿಟ್ಟೂ ಆಗಿತ್ತು. ದೊಣ್ಣೆ ಬಿದ್ದ ಮೇಲಿನ ಮಡಕೆಯ ಅಭಾವ, ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಮೇ ತಿಂಗಳ ಊಟಿಯಲ್ಲಿ ಬಿಳಿ ಸೀಸನ್ನಿನವನಿಗೆ ರೂಮು ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರದು: ಮೂರು ಕಾಲಕ್ಕೂ ಸಲ್ಲುವ ಅತ್ಯಂತಾಭಾವ, ವಾಯುವಿನಲ್ಲಿ ರೂಪವಿಲ್ಲದಂತೆ. ನಾಲ್ಕನೆಯದು ಅನ್ಯೋನ್ಯಾಭಾವ, ಮಡಕೆ ಬಟ್ಟೆಯಲ್ಲ ಎಂಬಂಥದು. ಒಂದೇ ಒಂದು ಸಲ ಆಗಸ್ಟಿನ ಮಳೆಯಲ್ಲಿ ರೂಮು ಸಿಕ್ಕಿತು. ಫೋಟೋದಲ್ಲಿದ್ದ ರೂಮು ಅದಲ್ಲ, ಅದು ಫೋಟೋದಲ್ಲಿದ್ದ ರೂಮಲ್ಲ. ಐದನೆಯ ಅಭಾವವೊಂದಿದೆ, ಫೋನು ತೆಗೆಯದಿರುವುದು, ಅದನ್ನು ನಿಮ್ಮ ಪುಸ್ತಕದಲ್ಲಿ ಬಿಟ್ಟಿದ್ದಾರೆ ಎಂಬುದು ನನ್ನ ಹೆಂಡತಿಯ ಮತ. ಪರಿಶೀಲನಾರ್ಹ.

ಇಲ್ಲಿಯೇ ಒಂದು ಅನೇಕಾಂತವಾದವನ್ನೂ ದಾಖಲಿಸಬೇಕು. ಸದಸ್ಯರಿಂದ ಮುಂಗಡವಾಗಿ ಬಂದ ಹಣ ಯಾವ ವರ್ಷದ ಆದಾಯ ಎಂಬ ಪ್ರಶ್ನೆ ಬೇರೊಂದು ಪ್ರಕರಣದಲ್ಲಿ ಚೆನ್ನೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠಕ್ಕೆ ಹೋಗಿ, 2010ರಲ್ಲಿ ತೀರ್ಮಾನವಾಯಿತು: ದಶಕಗಳ ಕಾಲ ಸೇವೆ ಕೊಡುವ ಹೊಣೆ ಬಾಕಿಯಿರುವಾಗ ಇಡೀ ಮೊತ್ತ ಆ ಮೊದಲ ವರ್ಷದ ಆದಾಯವಲ್ಲ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ನ್ಯಾಯವಾದ ಮಾತು, ನಾನೂ ಬ್ಯಾಂಕಿನವನೇ. ಆದರೆ ಕಂತು ಕಟ್ಟುವವನ ಎದೆಯಲ್ಲಿ ಅದು ಬೇರೆ ರಾಗ ಹಿಡಿಯುತ್ತದೆ. ತೆರಿಗೆಯವರ ಮುಂದೆ ಆ ದುಡ್ಡು ಇನ್ನೂ ಬರಬೇಕಾದದ್ದು, ನನ್ನ ಮುಂದೆ ಆಗಲೇ ಬಂದಿರಬೇಕಾಗಿದ್ದದ್ದು.

ಹನ್ನೊಂದನೆಯ ಕಂತಿಗೆ ನಾನು ನಿಲ್ಲಿಸಿದೆ. ಪತ್ರ ಬರೆದೆ, ಉತ್ತರವಿಲ್ಲ. ಆ ನಡುವೆ ವೆಸ್ಟ್ ಮಾಂಬಲದ ಬಾಡಿಗೆ ಮನೆ ಬಿಟ್ಟು ಅಯನಾವರಕ್ಕೆ ಬಂದೆವು. ಎರಡು ವರ್ಷ ಶಾಂತಿ. ಆಮೇಲೊಂದು ಬೆಳಿಗ್ಗೆ ಕೋರ್ಟಿನ ಅಮೀನ ಅಯನಾವರದ ಮನೆಯ ಬೆಲ್ಲು ಒತ್ತಿದ. ಕೈಯಲ್ಲಿ ಅಮಲ್ಜಾರಿ ನೋಟೀಸು: ಉಳಿದ ಕಂತುಗಳು, ನಿರ್ವಹಣಾ ಶುಲ್ಕ, ಬಡ್ಡಿ, ಖರ್ಚು, ಇಷ್ಟಕ್ಕೂ ಡಿಕ್ರಿಯಾಗಿ ಎಂಟು ತಿಂಗಳಾಗಿದೆ.

ವಿಜ್ಞಾನೇಶ್ವರ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದ? ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರ ಬರೆದ ನಮ್ಮ ನಾಡಿನವನು ಎಂಬ ಸಲಿಗೆಯಿಂದ ಕೇಳುತ್ತಿದ್ದೇನೆ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ವ್ಯವಹಾರಕ್ಕೆ ನಾಲ್ಕು ಕಾಲು: ವಾದಿಯ ದೂರು, ಪ್ರತಿವಾದಿಯ ಉತ್ತರ, ಸಾಕ್ಷ್ಯ, ತೀರ್ಪು. ನನ್ನ ಮೇಲೆ ಬಂದ ಪ್ರಾಣಿಗೆ ಎರಡನೆಯ ಕಾಲೇ ಇರಲಿಲ್ಲ. ಮೂರು ಕಾಲಿನಲ್ಲಿ ಅದು ಕೋರ್ಟಿರುವ ಪ್ಯಾರೀಸ್ ಕಾರ್ನರಿನಿಂದ ಅಯನಾವರದವರೆಗೆ ಕುಂಟುತ್ತ ಬಂದದ್ದೇ ಆಶ್ಚರ್ಯ. ಯಾರನ್ನು ಕೋರ್ಟಿಗೆ ಕರೆಸಬಾರದು ಎಂಬ ಪಟ್ಟಿಯೂ ಆ ಪರಂಪರೆಯಲ್ಲಿದೆ: ರೋಗಿ, ಬಾಲಕ, ಮುದುಕ, ಸಂಕಟದಲ್ಲಿರುವವನು, ಉತ್ಸವದಲ್ಲಿ ಮುಳುಗಿದವನು. ವಿಹಾರದಲ್ಲಿರುವವನೂ ಉತ್ಸವದಲ್ಲಿದ್ದಂತೆಯೇ ಎಂದು ವಾದಿಸಬಹುದಿತ್ತು. ಆದರೆ ಕೇಚಿತ್ ಆ ಅವಕಾಶವನ್ನೂ ನನಗೆ ಕೊಟ್ಟಿರಲಿಲ್ಲ. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ನಿಯಮವನ್ನು ಹಿಡಿಯೋಣವೆಂದರೆ, ಅದನ್ನು ಮುಂಬೈ ಪ್ರಾಂತದ ಕೋರ್ಟುಗಳು ಪಾಲಿಸಿದವು, ಮದ್ರಾಸಿನವು ಕೈಬಿಟ್ಟವು. ಧಾರವಾಡದಲ್ಲಿ ಸಾಲ ಮಾಡಿದ್ದರೆ ಚೆನ್ನಾಗಿತ್ತು.

ಕೊನೆಗೆ ಸ್ಮೃತಿಯನ್ನು ಬಿಟ್ಟು ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಶರಣು ಹೋದೆ. 1908ರ ಈ ಸಂಹಿತೆ ನಮ್ಮ ಸೂತ್ರಗ್ರಂಥಗಳಿಗೆ ಏನೂ ಕಡಿಮೆಯಿಲ್ಲ. ಪ್ರತಿವಾದಿ ಮನೆಯಲ್ಲಿಲ್ಲದಿದ್ದರೆ ಸಮನ್ಸನ್ನು ಅವನ ಜೊತೆ ವಾಸವಿರುವ ವಯಸ್ಕ ಕುಟುಂಬಸ್ಥರಿಗೆ ಕೊಡಬಹುದು ಎಂದು ಐದನೆಯ ಆದೇಶದ 15ನೆಯ ನಿಯಮ ಹೇಳಿ, ಕೆಳಗೆ ವಿವರಣೆಯಲ್ಲಿ ಸೇವಕ ಕುಟುಂಬಸ್ಥನಲ್ಲ ಎನ್ನುತ್ತದೆ. ನಮ್ಮ ಕೆಲಸದಾಕೆ ಇದನ್ನು ಒಪ್ಪುವುದಿಲ್ಲ, ಇರಲಿ. 17ನೆಯ ನಿಯಮದಂತೆ ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸಬಹುದು. ಅಂಟಿಸಿದ್ದರು, ವೆಸ್ಟ್ ಮಾಂಬಲದಲ್ಲಿ, ನಾವು ಬಿಟ್ಟು ಬಂದ ಮನೆಯ ಬಾಗಿಲಿಗೆ. ಒಂಬತ್ತನೆಯ ಆದೇಶದ 13ನೆಯ ನಿಯಮದಂತೆ, ಸಮನ್ಸು ಸರಿಯಾಗಿ ಜಾರಿಯಾಗಿಲ್ಲ ಎಂದೋ, ಬರಲಾಗದ್ದಕ್ಕೆ ಸಾಕಷ್ಟು ಕಾರಣವಿತ್ತು ಎಂದೋ ತೋರಿಸಿದರೆ ಏಕಪಕ್ಷೀಯ ಡಿಕ್ರಿ ರದ್ದಾಗುತ್ತದೆ. 1963ರ ಕಾಲಮಿತಿ ಕಾಯಿದೆಯ 123ನೆಯ ವಿಧಿಯಂತೆ ಅರ್ಜಿಗೆ 30 ದಿನ. ಸಮನ್ಸು ತಲುಪದವನಿಗೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ. ಕಾಲವನ್ನು ತುಂಡು ಮಾಡಿ ನನಗೆ ಉಪಕಾರ ಮಾಡಿದವರು ಈ ಮೂವತ್ತು ದಿನದವರು ಮಾತ್ರ.

ಪೂರ್ವಪಕ್ಷ: ಕೇಚಿತ್ ಹೀಗೆನ್ನುತ್ತಾರೆ. ಪ್ರತಿವಾದಿ ಒಪ್ಪಂದದಲ್ಲಿ ಕೊಟ್ಟ ವಿಳಾಸ ವೆಸ್ಟ್ ಮಾಂಬಲಂ. ಬದಲಾದದ್ದು ನಮಗೆ ಗೊತ್ತಿರಲಿಲ್ಲ. ಜಾರಿಯಲ್ಲಿ ಬರೀ ಲೋಪವಿದ್ದರೆ ಸಾಲದು. ವಿಚಾರಣೆಯ ದಿನ ಪ್ರತಿವಾದಿಗೆ ತಿಳಿದಿತ್ತೆಂದಾದರೆ ಡಿಕ್ರಿ ನಿಲ್ಲುತ್ತದೆ ಎಂದು ಅದೇ ನಿಯಮದ ಷರತ್ತು ಹೇಳುತ್ತದೆ.

ಸಿದ್ಧಾಂತವನ್ನು ಒದಗಿಸಿದ್ದು ನಾನಲ್ಲ, ನನ್ನ ವಕೀಲರೂ ಅಲ್ಲ. ಬಂದ ಕಾಗದವನ್ನು ಬಿಸಾಡದ ನನ್ನ ಹೆಂಡತಿ ಹಳೆಯ ಸೀರೆಯ ಡಬ್ಬಿಯಿಂದ ಒಂದು ಕಾರ್ಡು ತೆಗೆದಳು. ಮೇಲೆ ಗುಲಾಬಿ ಹೂವು, ಒಳಗೆ ‘ವಿವಾಹ ವಾರ್ಷಿಕೋತ್ಸವದ ಶುಭಾಶಯ’, ಕೆಳಗೆ ಕೇಚಿತ್ತರ ಮುದ್ರೆ, ಲಕೋಟೆಯ ಮೇಲೆ ಅಯನಾವರದ ವಿಳಾಸ. ಅಂಚೆ ಮುದ್ರೆಯ ತಾರೀಖು ದಾವೆ ಹೂಡಿದ ದಿನಕ್ಕಿಂತ ಹದಿನಾರು ದಿನ ಮೊದಲಿನದು. ‘ಹಾರೈಸೋಕೆ ಹೊಸ ಮನೆ, ಸಮನ್ಸಿಗೆ ಹಳೆ ಮನೆ, ಜಪ್ತಿಗೆ ಮತ್ತೆ ಹೊಸ ಮನೆಯಾ?’ ಎಂದಳು. ಇಡೀ ತರ್ಕಸಂಗ್ರಹದಲ್ಲಿ ಇಂಥ ವಾಕ್ಯ ನನಗೆ ಸಿಕ್ಕಿಲ್ಲ. ನಡುವಿನ ಪುಟಗಳಲ್ಲಿ ಇದ್ದರೂ ಇರಬಹುದು. ವಕೀಲರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಫಿಡವಿಟ್ಟಿನಲ್ಲಿ ಎರಡೂವರೆ ಪುಟ ಮಾಡಿದರು. ಗುಲಾಬಿ ಹೂವಿನ ಕಾರ್ಡು ಈಗ ದಾಖಲೆ ನಂಬರ್ ಒಂದು.

ವ್ಯಾಜ್ಯಕ್ಷೇತ್ರದ ವರ್ಣನೆ ಸಂಕ್ಷೇಪವಾಗಿ. ಸಿಟಿ ಸಿವಿಲ್ ಕೋರ್ಟು ಇರುವುದು ಹೈಕೋರ್ಟಿನ ಆವರಣದಲ್ಲೇ. 1892ರಲ್ಲಿ ತೆರೆದ ಆ ಕೆಂಪು ಕಟ್ಟಡದ ಗುಮ್ಮಟದ ಮೇಲೆ ಹಿಂದೆ ದೀಪಸ್ತಂಭವೂ ಇತ್ತು. ಹಡಗುಗಳಿಗೆ ದಾರಿ ಕಾಣುತ್ತಿತ್ತು, ಕಕ್ಷಿದಾರರಿಗೆ ಯಾವ ಕೋಣೆಯೆಂದು ಈಗಲೂ ಕಾಣುವುದಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನರ ಎಮ್ಡನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿದ್ದರ ನೆನಪಿನ ಕಲ್ಲು ಆವರಣದ ಗೋಡೆಯಲ್ಲಿದೆ. ಸಮನ್ಸಿಲ್ಲದೆ ಬಂದು, ಕೆಲಸ ಮುಗಿಸಿ ಹೋದದ್ದಕ್ಕೆ ಇಲ್ಲಿಯವರು ಮಹಾ ಚಾಲಾಕಿಯನ್ನು ಇಂದಿಗೂ ‘ಎಮ್ಡನ್’ ಎನ್ನುತ್ತಾರೆ. ಆವರಣದಲ್ಲಿ ಮನುನೀತಿ ಚೋಳನ ಪ್ರತಿಮೆಯೂ ಉಂಟು. ರಾಜಕುಮಾರನ ರಥದಡಿ ಕರುವನ್ನು ಕಳೆದುಕೊಂಡ ಹಸು ಗಂಟೆ ಎಳೆಯಿತು, ರಾಜ ಸ್ವಂತ ಮಗನನ್ನೇ ರಥಕ್ಕೆ ಕೊಟ್ಟ. ವಕಾಲತ್ತಿಲ್ಲ, ಕೋರ್ಟ್ ಫೀ ಇಲ್ಲ, ಒಂದೇ ವಾಯಿದೆ. ಅವನ ಎದುರು ನಿಂತು ನಾನು ನಾಲ್ಕು ಸಲ ನಿಂಬೆ ಸೋಡಾ ಕುಡಿದಿದ್ದೇನೆ.

ಜಪ್ತಿಯ ಭಯಕ್ಕೆ ಸಂಹಿತೆಯ 60ನೆಯ ಕಲಮು ಸಿದ್ಧೌಷಧ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಂಗಸು ತೆಗೆಯಬಾರದ ಒಡವೆ, ಇವನ್ನು ಮುಟ್ಟುವಂತಿಲ್ಲ. ‘ಅಂದ್ರೆ ತಾಳಿ ಉಳೀತು. ಮಿಕ್ಸಿ?’ ಎಂದಳು. ಮಿಕ್ಸಿ ಅಡುಗೆ ಪಾತ್ರೆಯೇ ಅಲ್ಲವೇ ಎಂಬುದನ್ನು ಕುರಿತು ನಾನು ಬೇರೊಂದು ಗ್ರಂಥ ಬರೆಯಬೇಕಾಗಿದೆ. ಡಿಕ್ರಿಯ ಆಯುಸ್ಸು 12 ವರ್ಷ, ನನ್ನ ಸದಸ್ಯತ್ವದ್ದು 25. ಇಬ್ಬರೂ ಒಂದೇ ಮನೆಯಲ್ಲಿರಬೇಕಾದರೆ ಡಿಕ್ರಿಯೇ ಮೊದಲು ಸಾಯುತ್ತದೆಂಬುದು ಒಂದು ಸಮಾಧಾನ. ಗ್ರಾಹಕ ಆಯೋಗದ ಬಾಗಿಲೂ ಇದೆ: 2019ರ ಕಾಯಿದೆಯಂತೆ ನಾನಿರುವ ಊರಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ. ಆ ಎರಡು ವರ್ಷವನ್ನು ನಾನು ಅಭಾವಗಳನ್ನು ವರ್ಗೀಕರಿಸುವುದರಲ್ಲಿ ಕಳೆದೆ. ವಿಳಂಬಕ್ಕೆ ಕಾರಣ ತೋರಿಸಿದರೆ ಮನ್ನಿಸಬಹುದಂತೆ. ತರ್ಕಶಾಸ್ತ್ರ ಸಾಕಷ್ಟು ಕಾರಣವೇ ಎಂದು ಕೇಳಿದ್ದಕ್ಕೆ ವಕೀಲರು ಕನ್ನಡಕ ಒರೆಸಿಕೊಂಡರು.

ಏಪ್ರಿಲ್ ಕೊನೆಯ ವಾರ ನಮ್ಮ ಅರ್ಜಿ ಕರೆಗೆ ಬಂತು. ಕೇಚಿತ್ತರ ವಕೀಲರು ಗುಲಾಬಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಆಕ್ಷೇಪಣೆಗೆ ಸಮಯ ಕೇಳಿದರು. ಮೇ ಪೂರ್ತಿ ಕೋರ್ಟಿಗೆ ಬೇಸಿಗೆ ರಜ. ಸದಸ್ಯತ್ವವಿಲ್ಲದೆ, ನಿರ್ವಹಣಾ ಶುಲ್ಕವಿಲ್ಲದೆ, ಪ್ರತಿವರ್ಷ ತಪ್ಪದೆ, ಕೆಂಪು ಸೀಸನ್ನಿನಲ್ಲೇ. ಜೂನಿಗೆ ವಾಯಿದೆ ಬಿತ್ತು. ಹೊರಗೆ ಜಗಲಿಯಲ್ಲಿ ವಕೀಲರ ಗುಮಾಸ್ತ ಕಡತ ಕಟ್ಟುತ್ತ, ಬೆವರು ಒರೆಸಿಕೊಂಡು, ನಿಜವಾದ ಅಕ್ಕರೆಯಿಂದಲೇ ಕೇಳಿದ: ‘ಲೀವುಕ್ಕು ಎಂಗ ಸಾರ್ ಪೋರೀಂಗ?’ (ರಜಕ್ಕೆ ಎಲ್ಲಿಗೆ ಸಾರ್ ಹೋಗ್ತೀರಿ?)