ಭಾವನ ಕೇಸಿಂಗ್

ಲ್ಯಾಪ್‌ಟಾಪ್ ಕೆಟ್ಟು ಕೂತರೆ ನಾವು ನೀವು ಗುಜರಿಯವನನ್ನು ಕೂಗುತ್ತೇವೆ. ನಮ್ಮ ಭಾವ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಹಾಗೆ ಹೊರಬಿದ್ದ 500 ಜಿಬಿ ಹಾರ್ಡ್ ಡಿಸ್ಕೊಂದು ಅಕ್ಕನ ಬಳೆ ಪೆಟ್ಟಿಗೆಯಲ್ಲಿ ಬಿಡಾರ ಹೂಡಿತು. "ಒಂದು ಕೇಸಿಂಗ್ ತಂದರಾಯ್ತು, ಫೋಟೋ ಎಲ್ಲಾ ಕೈಗೆ ಸಿಗುತ್ತೆ" ಅಂದರು. ಬಳೆಗಳು ಅಡುಗೆಮನೆಯ ಡಬ್ಬಿಗೆ ಹೋದವು.

ಕೇಸಿಂಗ್ ಅಂದರೆ ಡಿಸ್ಕನ್ನು ಒಳಗಿಟ್ಟು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸುವ ಡಬ್ಬಿ, ಅದೇನು ಮಹಾ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೌಂಟರಿನ ಮೇಲೆ ಚಕ್ಕುಲಿ ಪೇರಿಸಿದ ಹಾಗೆ ಪೇರಿಸಿಟ್ಟಿರುತ್ತಾರೆ. ಭಾವ ಅಲ್ಲಿಗೆ ಹೊರಟರೆ ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲೂ ಹೊರಟಿತೆಂದೇ ಲೆಕ್ಕ. ಎರಡೂವರೆ ಇಂಚಿನ ಡಿಸ್ಕಿನಲ್ಲೂ 7 ಮಿ.ಮೀ. ದಪ್ಪದ್ದು, 9.5 ಮಿ.ಮೀ. ದಪ್ಪದ್ದು ಅಂತ ಇರುತ್ತವೆ. ದಪ್ಪದ್ದು ತೆಳ್ಳನೆಯದರ ಕೇಸಿಂಗಿಗೆ ಹೋಗದು. ಅಷ್ಟು ನೋಡಲೇಬೇಕು, ಒಪ್ಪೋಣ. ಆಮೇಲೆ ಶುರು: ಅಲ್ಯೂಮಿನಿಯಂ ಆದರೆ ಬಿಸಿ ಬೇಗ ಆರುತ್ತದೆ, ಆದರೆ ಬಿದ್ದರೆ ನೆಗ್ಗುತ್ತದೆ, ಸ್ಕ್ರೂ ಇದ್ದರೆ ಭದ್ರ, ಆದರೆ ಸ್ಕ್ರೂ ಕಳೆದರೆ?

"ಯುಎಎಸ್‌ಪಿ ಸಪೋರ್ಟ್ ಇದೆಯಾ?"

"ಎಲ್ಲಾ ಇದೆ ಸಾರ್. ಡಿಸ್ಕ್ ಕೊಡಿ, ಹಾಕಿ ತೋರಿಸ್ತೀನಿ."

"ಡಿಸ್ಕ್ ತಂದಿಲ್ಲ. ಇವತ್ತು ಬರೀ ನೋಡೋಕೆ ಬಂದಿದ್ದು."

ಅಂಗಡಿಯವನು ಪಕ್ಕದ ಗಿರಾಕಿಯ ಕಡೆ ತಿರುಗುತ್ತಾನೆ. ಆ ಗಿರಾಕಿಗೂ ಸಲಹೆ ಕೊಡುವವರು ಭಾವನೇ. ಅವನು ಐದು ನಿಮಿಷದಲ್ಲಿ ಕೊಂಡು ಹೊರಟುಬಿಡುತ್ತಾನೆ. ಅವರ ಅಪಾರ್ಟ್‌ಮೆಂಟಿನಲ್ಲೂ ಅಷ್ಟೆ, ಯಾರ ಮನೆಯಲ್ಲಿ ಕೇಸಿಂಗ್ ಕಂಡರೂ ಆರಿಸಿಕೊಟ್ಟವರು ಇವರೇ ಎಂದು ತಿಳಿಯಬಹುದು.

ನಿಮಿಷಕ್ಕೆ 5400 ಸುತ್ತು ಹಾಕುವ ಡಿಸ್ಕು ಸೆಕೆಂಡಿಗೆ ನೂರು ಚಿಲ್ಲರೆ ಎಂಬಿ ಕೊಟ್ಟರೆ ಹೆಚ್ಚು, ಯುಎಸ್‌ಬಿ 3.0ದ 5 ಗಿಗಾಬಿಟ್ ಅದಕ್ಕೆ ಧಾರಾಳ. ಇದನ್ನು ನನಗೆ ಬಿಡಿಸಿ ಹೇಳಿದವರು ಭಾವ. 10 ಗಿಗಾಬಿಟ್‌ನದರ ಬೆಲೆ ಇಳಿಯಲಿ ಅಂತ ಕಾಯುತ್ತಿದ್ದವರೂ ಭಾವನೇ.

ಮೊನ್ನೆ ಅಕ್ಕನ ತಾಳ್ಮೆ ಕೆಟ್ಟಿತು. ಕೈಗೆ ಸಿಕ್ಕಿದ ಕೇಸಿಂಗೊಂದನ್ನು ತಂದಳು, ಡಿಸ್ಕ್ ತೂರಿಸಿದಳು, ಕಂಪ್ಯೂಟರಿಗೆ ಸಿಕ್ಕಿಸಿದಳು. ತೆರೆದರೆ ಸಾಲುಸಾಲು ಎಕ್ಸೆಲ್ ಶೀಟು: ಮಿಕ್ಸಿ ಹೋಲಿಕೆ, ಗೀಸರ್ ಹೋಲಿಕೆ, ಲ್ಯಾಪ್‌ಟಾಪ್ ಬ್ಯಾಗ್ ಹೋಲಿಕೆ, ಬ್ಯಾಗ್ ಅಂತಿಮ, ಬ್ಯಾಗ್ ಅಂತಿಮ 2.

"ಫೋಟೋಗಳೆಲ್ರೀ?"

"ಅವು ಹಳೇ ಕಂಪ್ಯೂಟರಿನ ಡಿಸ್ಕಲ್ಲಿವೆ ಕಣೇ. ಮೂರೂವರೆ ಇಂಚಿಂದು. ಬರೀ ಯುಎಸ್‌ಬಿ ಕರೆಂಟು ಅದಕ್ಕೆ ಸಾಲಲ್ಲ, 12 ವೋಲ್ಟ್ ಅಡಾಪ್ಟರ್ ಇರೋ ಕೇಸಿಂಗೇ ಬೇಕು. ನೋಡ್ತಾ ಇದೀನಿ."