ಸಿಂಕಿಂಗ್ ಫಂಡ್: ಒಂದು ಶಾಸ್ತ್ರೀಯ ವಿವೇಚನೆ

ಮುಂಬಯಿಗೆ ಹೌಸಿಂಗ್ ಸೊಸೈಟಿಯ ರುಚಿ ಹತ್ತಿಸಿದವರು ನಮ್ಮ ಕೆನರಾ ಕಡೆಯವರೇ. 1915ರಲ್ಲಿ ರಾವ್ ಬಹಾದ್ದೂರ್ ಎಸ್. ಎಸ್. ತಲ್ಮಕಿಯವರ ಮುಂದಾಳತ್ವದಲ್ಲಿ ಚಿತ್ರಾಪುರ ಸಾರಸ್ವತರು ಗಾಮ್‌ದೇವಿಯಲ್ಲಿ ಸಹಕಾರಿ ಸೊಸೈಟಿ ಸ್ಥಾಪಿಸಿದರು. ಅಂದಿನಿಂದ ಸೊಸೈಟಿ ಶಾಸ್ತ್ರ ಎಷ್ಟು ಬೆಳೆದಿದೆಯೆಂದರೆ, ಇಂದು ದಹಿಸರ್‌ನಿಂದ ಡೊಂಬಿವಿಲಿಯವರೆಗೆ ಪ್ರತಿ ಕಟ್ಟಡದಲ್ಲೂ ಬ್ಯಾಂಕಿನಿಂದ ನಿವೃತ್ತರಾದ ತಜ್ಞರು ಕನಿಷ್ಠ ಮೂವರಿದ್ದಾರೆ. ಅವರಲ್ಲಿ ಒಬ್ಬನಾಗಿ ಈ ನಾಲ್ಕು ಮಾತು.

ಮಹಾರಾಷ್ಟ್ರದ ಮಾದರಿ ಉಪವಿಧಿಯ ಪ್ರಕಾರ ಸಿಂಕಿಂಗ್ ಫಂಡಿಗೆ, ಅಂದರೆ ಕಟ್ಟಡವನ್ನು ಮುಂದೊಮ್ಮೆ ಮತ್ತೆ ಕಟ್ಟಲು ಕೂಡಿಡುವ ನಿಧಿಗೆ, ಪ್ರತಿ ಫ್ಲ್ಯಾಟಿನವರೂ ಕಟ್ಟಬೇಕಾದ್ದು ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.25, ಅದೂ ವರ್ಷಕ್ಕೆ, ಜಾಗದ ಬೆಲೆ ಬಿಟ್ಟು. ವೆಚ್ಚ ಎಂದರೆ ಕಟ್ಟಿದ ಕಾಲದ್ದು. ನಾಲ್ಕು ಲಕ್ಷದ ಫ್ಲ್ಯಾಟಾದರೆ ತಿಂಗಳಿಗೆ 83 ರೂಪಾಯಿ ಚಿಲ್ಲರೆ. ಈ ದರದಲ್ಲಿ ಕಟ್ಟಡದ ಮೂಲ ವೆಚ್ಚ ಕೈಸೇರಲು ಸರಿಯಾಗಿ 400 ವರ್ಷ ಸಾಕು. 1661ರಲ್ಲಿ ಪೋರ್ಚುಗೀಸರು ಇಂಗ್ಲೆಂಡಿನ ದೊರೆಗೆ ಬೊಂಬಾಯಿಯನ್ನು ವರದಕ್ಷಿಣೆಯಾಗಿ ಬರೆದುಕೊಟ್ಟ ದಿನವೇ ಸೊಸೈಟಿ ನೋಂದಾಯಿಸಿ ವಂತಿಗೆ ಶುರುಮಾಡಿದ್ದರೆ 2061ಕ್ಕೆ ಹಣ ತಯಾರು. ಬಡ್ಡಿ ಸೇರಿದರೆ ಇನ್ನೂ ಬೇಗ ಎಂದು ವಾದಿಸುವವರಿದ್ದಾರೆ. ಅವರು ಇತ್ತೀಚೆಗೆ ಸಿಮೆಂಟ್ ಕೊಂಡವರಲ್ಲ.

ಕೂಡಿದ ಹಣವನ್ನು ಮುಟ್ಟುವುದಕ್ಕೆ ಮಹಾಸಭೆಯ ಠರಾವು ಬೇಕು, ಆರ್ಕಿಟೆಕ್ಟರ ಪ್ರಮಾಣಪತ್ರ ಬೇಕು, ರಿಜಿಸ್ಟ್ರಾರರ ಪೂರ್ವಾನುಮತಿ ಬೇಕು. ಇಷ್ಟು ಭದ್ರತೆ ನಮ್ಮ ಟೆರೇಸಿಗೂ ಇಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇನ್ನೂ ಮುಂದೆ ಹೋಗಿ, ಪಿಎಂಸಿ ಬ್ಯಾಂಕಿನ ಖಾತೆಗಳಿಂದ ಮೊದಲಿಗೆ ಸಾವಿರ ರೂಪಾಯಿ ಮಾತ್ರ ತೆಗೆಯಬಹುದೆಂದಿತು. ಅಲ್ಲಿ ಠೇವಣಿ ಇಟ್ಟಿದ್ದ ಹೌಸಿಂಗ್ ಸೊಸೈಟಿಗಳ ಮಟ್ಟಿಗೆ, ನಿಧಿಯನ್ನು ಕಮಿಟಿಯಿಂದಲೇ ಕಾಪಾಡಿದ ಮೊದಲ ಪ್ರಯೋಗವಿದು.

ದುರಸ್ತಿ ನಿಧಿ ಬೇರೆಯೇ ಇದೆ, ಕನಿಷ್ಠ ಶೇ. 0.75. ಅದರ ವಿನಿಯೋಗ ನಮ್ಮ ವಾರ್ಷಿಕ ಮಹಾಸಭೆಯಲ್ಲಿ ತೀರ್ಮಾನವಾಗುತ್ತದೆ. ಮೇಲ್ಮಹಡಿಯವರು ಮನೆಯೊಳಗೆ ಇಟ್ಟ ಬಕೀಟುಗಳ ಫೋಟೋ ತೋರಿಸುತ್ತಾರೆ. ನೆಲಮಹಡಿಯವರು, "ಮಳೆ ನಿಮ್ಮಲ್ಲಿ ಬೀಳುವುದು ಮಾರಾಯ್ರೇ, ನಾವು ಯಾಕೆ ಕೊಡುವುದು? ಲಿಫ್ಟಿಗೂ ಕೊಡ್ತೇವಲ್ಲ, ಒಂದು ದಿನ ಹತ್ತಿದ್ದುಂಟಾ?" ಎನ್ನುತ್ತಾರೆ. ಛಾವಣಿ ಸೋರಿಕೆ ಸೊಸೈಟಿಯದೇ ಜವಾಬ್ದಾರಿ ಎಂದು ಉಪವಿಧಿಯ ಪುಟ ತೆರೆದು ಓದುವಷ್ಟರಲ್ಲಿ ಬಟಾಟೆವಡೆ ಬರುತ್ತದೆ. ಕೊನೆಗೆ ನೀಲಿ ತಾಡಪತ್ರಿ ಮಂಜೂರು. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಸ್ಲ್ಯಾಬಿನ ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಸಲಾಕೆ ಕಾಣುವ ಕಡೆ ಸೆಕ್ರೆಟರಿ ಮೂರು ಭಾಷೆಯಲ್ಲಿ ಬೋರ್ಡು ಹಾಕಿಸಿದ್ದಾರೆ: ಇಲ್ಲಿ ನಿಲ್ಲಬೇಡಿ.

ಹಾಗಾದರೆ ನಿಜವಾದ ನಿಧಿ ಯಾವುದು? ರಿಡೆವಲಪ್‌ಮೆಂಟಿನ ಬಿಲ್ಡರು. ಕಟ್ಟಡ ಹಾಳಾದಷ್ಟೂ ಆತ ಹತ್ತಿರವಾಗುತ್ತಾನೆ. ಹೊಸ ಫ್ಲ್ಯಾಟು, ಅದು ಸಿದ್ಧವಾಗುವವರೆಗೆ ಬಾಡಿಗೆ, ಮೇಲೆ ಕಾರ್ಪಸ್ ಎಂಬ ಇಡುಗಂಟು. ಹೀಗಿರುವಾಗ ಛಾವಣಿ ರಿಪೇರಿ ಎಂದರೆ ಕೈಯಾರೆ ಆಸ್ತಿಯ ಬೆಲೆ ಇಳಿಸಿಕೊಂಡಂತೆ.

ಆದ್ದರಿಂದ ಮೂವತ್ತು ದಾಟಿದ ಕಟ್ಟಡಗಳು ಸ್ಟ್ರಕ್ಚರಲ್ ಆಡಿಟನ್ನು ಪರೀಕ್ಷೆಯಂತೆ ಎದುರಿಸಬೇಕು. ಮಹಾನಗರಪಾಲಿಕೆಯ ವರ್ಗೀಕರಣದಲ್ಲಿ ಸಿ-1 ಎಂದರೆ ಅತಿ ಅಪಾಯಕಾರಿ, ಖಾಲಿ ಮಾಡಿ ಕೆಡವತಕ್ಕದ್ದು. ನಮಗೆ ಸಿ-1 ಬಂತು, ಪೇಢೆ ಹಂಚಿದೆವು. ಪಕ್ಕದ ಕಟ್ಟಡಕ್ಕೆ ಬರೀ ಸಿ-3, ಸಣ್ಣ ರಿಪೇರಿ ಸಾಕಂತೆ. ಅವರು ಬೇರೆ ಆಡಿಟರನ್ನು ಹುಡುಕುತ್ತಿದ್ದಾರೆ.